ಕೆಂಪು ಬಿಯರೂ ಈರಬಸಪ್ಪನ ಮೂಗೂ

ಮೊದಲಿಗೆ ಕ್ಷಮೆ ಕೇಳಿಕೊಳ್ಳಬೇಕು. ಬಿಯರನ್ನು ಒಮ್ಮೆಯೂ ಬಾಯಿಗೆ ಹಾಕದವನು ಬಿಯರಿನ ಕತೆ ಹೇಳಲು ಕೂತಿರುವುದು ಅಧಿಕಪ್ರಸಂಗವೇ. ಅದೂ ಅಲ್ಲದೆ ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಉಳಿದರ್ಧ ಟೇಲರ್ ರಸೂಲಸಾಬನ ಅಂಗಡಿಯಲ್ಲಿ ಕೇಳಿದ್ದು. ಕೇಳಿದ್ದನ್ನು ಎಲ್ಲಿ ಕಂಡೆನೆಂದು ಹೇಳಿಬಿಡುತ್ತೇನೋ ಎಂಬ ಹೆದರಿಕೆ ಇದ್ದೇ ಇದೆ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಊರಲ್ಲಿ ಈಗ ಆ ಕತೆ ಬೆಳೆದು, ಈರಬಸಪ್ಪ ಎರಡು ಬಾಟ್ಲಿ ಕುಡಿದು ರಸ್ತೆಯ ಮೇಲೆ ಕುಣಿದ ಎನ್ನುವಲ್ಲಿಗೆ ಬಂದು ನಿಂತಿದೆ. ಅವನು ಕುಣಿಯಲಿಲ್ಲ. ಅಷ್ಟನ್ನು ಖಾತ್ರಿಯಾಗಿ ಹೇಳಬಲ್ಲೆ.

ತಂಟೆಗೆ ಮೂಲ ಇಪ್ಪತ್ತನಾಲ್ಕು ಬಾಕ್ಸ್ ಬಿಯರು.

ಗುಡಗೇರಿ ಸಂತೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ದೂರದಲ್ಲಿ ನಮ್ಮೂರು. ಬಸ್ಸು ನಿಲ್ಲುವಲ್ಲಿ ಈರೇಶನ ವೈನ್ ಶಾಪ್ ಇದೆ. ಅದಕ್ಕೆ ಕಂಪನಿಯವರು ಹೊಸ ಮಾಲು ಇಳಿಸಿ ಹೋಗಿದ್ದರು. ಬೆಲ್ಜಿಯಂ ಪದ್ಧತಿಯ ಅಂಬರ್ ಬಿಯರು ಎಂದು ಬಾಟ್ಲಿಯ ಮೇಲೆ ಬರೆದಿತ್ತು. ಅಪರೂಪದ್ದೇನಲ್ಲ, ಊರೂರಿಗೆ ಲಾರಿಗಟ್ಟಲೆ ಹಂಚುವಂಥದ್ದೇ. ಲೇಬಲ್ಲಿನಲ್ಲಿ ದುಂಡು ಹೊಟ್ಟೆಯ, ಗಡ್ಡದ ಸನ್ಯಾಸಿಯೊಬ್ಬ ನೊರೆ ಉಕ್ಕುವ ಲೋಟ ಹಿಡಿದು ನಗುತ್ತಿದ್ದ.

ಮೊದಲ ಬಾಟ್ಲಿ ಕೊಂಡವನು ಟ್ರ್ಯಾಕ್ಟರ್ ಓಡಿಸುವ ಒಬ್ಬ. ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದು ನೋಡಿದ. ಹಳೆಯ ಬೆಲ್ಲ ಕದಡಿದ ನೀರಿನ ಬಣ್ಣ. ಬಿಯರ್ ಅಂದರೆ ಹಳದಿ ಇರಬೇಕು, ಇದಕ್ಕೆ ಹಳೆಯ ಕಬ್ಬಿಣದ ಹಾಗೆ ಜಂಗು ಹಿಡಿದಿದೆ ಎಂದು ಹೇಳಿ ಮೋರಿಗೆ ಚೆಲ್ಲಿದ. ಸಂಜೆಯೊಳಗೆ ಈರೇಶ ಜಂಗು ಹಿಡಿದ ಬಿಯರು ಮಾರುತ್ತಾನೆಂದು ಊರೆಲ್ಲ ಸುದ್ದಿಯಾಯಿತು. ಇನ್ನೊಬ್ಬ ಅದರಲ್ಲಿ ಮಸಾಲೆ ಪುಡಿಯ ವಾಸನೆ ಬರುತ್ತದೆ ಎಂದ. ಮೂರನೆಯವನು ವಾಸನೆಯನ್ನೂ ನೋಡದೆ ಇಬ್ಬರ ಮಾತೂ ನಿಜ ಎಂದ. ಹದಿನೈದು ದಿನ ಒಂದು ಬಾಕ್ಸೂ ಅಲುಗಲಿಲ್ಲ. ಕನ್ಯೆ ನೋಡಲು ಬಂದವರು ಚಹಾ ಕುಡಿದು ಮಾತಿಲ್ಲದೆ ಎದ್ದುಹೋದ ಮನೆಯ ಹಾಗೆ ಈರೇಶನ ಅಂಗಡಿ ಕಳೆಗುಂದಿತ್ತು.

ಕಂಪನಿಗೆ ಫೋನು ಹೋಯಿತು. ಭಾನುವಾರ ಹುಬ್ಬಳ್ಳಿಯಿಂದ ನೀಲಾ ಎಂಬ ಮೇಡಂ ಒಂದು ಕಾರ್ಡು ತರುತ್ತಾಳೆ, ಊರಲ್ಲಿ ರುಚಿಗೆ ಹೆಸರಾದವರು ಯಾರಾದರೂ ಬಿಯರನ್ನು ಪರೀಕ್ಷೆ ಮಾಡಿ ಅದರಲ್ಲಿ ಅಂಕ ಹಾಕಬೇಕು ಎಂದು ಉತ್ತರ ಬಂತು. ಕೆಟ್ಟಿದೆ ಎಂದಾದರೆ ಮಾಲು ವಾಪಸ್ಸು ಒಯ್ಯುತ್ತಾರೆ. ಚೆನ್ನಾಗಿದೆ ಎಂದಾದರೆ ಜನ ಕೊಳ್ಳುತ್ತಾರೆ. ಎರಡರಲ್ಲಿ ಯಾವುದಾದರೂ ಈರೇಶನಿಗೆ ಸರಿಯೇ. ಆದರೆ ಹೇಳುವ ಬಾಯಿ ಊರು ನಂಬುವಂಥದ್ದಾಗಿರಬೇಕು. ಅಂಥ ಬಾಯಿ ಊರಲ್ಲಿ ಒಂದೇ ಇತ್ತು. ನಿಜ ಹೇಳಬೇಕೆಂದರೆ ಅದು ಬಾಯಿಯಲ್ಲ, ಮೂಗು. ಅದು ಈರೇಶನ ಅಕ್ಕ ಸುಶೀಲವ್ವನ ಗಂಡನ ಮುಖದ ಮೇಲಿತ್ತು.

ಈರಬಸಪ್ಪನಿಗೆ ಐವತ್ತಾರು ವರ್ಷ. ಗುಡಗೇರಿಯ ಕಾಳಿನ ಅಂಗಡಿಯೊಂದರಲ್ಲಿ ಮಾಲಿನ ಹಸಿ ಒಣ ನೋಡುವ ಕೆಲಸ. ಆದರೆ ಅವನ ಹೆಸರು ಬೆಳೆದದ್ದು ಊರಿನ ಮಠದ ಅಡುಗೆಮನೆಯಲ್ಲಿ. ಶ್ರಾವಣದ ತಿಂಗಳಿಡೀ ಅಲ್ಲಿ ದಾಸೋಹ ನಡೆಯುತ್ತದೆ, ದಿನಕ್ಕೆ ಎಂಟುನೂರು ಎಲೆ ಬೀಳುತ್ತವೆ. ನೈವೇದ್ಯ ಆಗುವವರೆಗೆ ಅಡುಗೆಯನ್ನು ಯಾರೂ ನಾಲಿಗೆಗೆ ತಾಗಿಸುವ ಹಾಗಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅದು ಎಂಟುನೂರು ಜನಕ್ಕೆ ಒಟ್ಟಿಗೇ ಗೊತ್ತಾಗುತ್ತದೆ. ಹಾಗಾಗಿ ಬಾಣಸಿಗರಿಗೆ ಮೂಗೇ ಗತಿ. ಈರಬಸಪ್ಪ ಕೊಪ್ಪರಿಗೆಯಿಂದ ಒಂದು ಮೊಳ ದೂರ ನಿಂತು, ಬಲ ಅಂಗೈಯಿಂದ ಹಬೆಯನ್ನು ಮೂರು ಸಲ ತನ್ನ ಕಡೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದ. ಬಾಣಸಿಗರು ಉಸಿರು ಹಿಡಿಯುತ್ತಿದ್ದರು. ಸಾರಿಗೆ ಇನ್ನೊಂದು ಮುಷ್ಟಿ ಉಪ್ಪು, ಹುಗ್ಗಿ ಇಳಿಸಬಹುದು ಎಂದು ಅವನು ಹೇಳಿದರೆ ಮುಗಿಯಿತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಉಪ್ಪಿಗೆ ವಾಸನೆ ಇದೆಯೇ ಎಂದು ನಾನೇ ಒಮ್ಮೆ ಕೇಳಿದ್ದೆ. ಉಪ್ಪಿಗಿಲ್ಲ, ಉಪ್ಪಿಲ್ಲದ್ದಕ್ಕಿದೆ ಎಂದಿದ್ದ.

ಆ ಭಾನುವಾರ ಅವನ ಬಾಳಿನ ದೊಡ್ಡ ದಿನ. ಮಠದ ಅಡುಗೆಮನೆಯ ಹಿರೇತನ ಈ ವರ್ಷ ಅವನಿಗೆ ಬರುವುದಿತ್ತು. ಹಿರೇತನ ಕೊಡುವುದೆಂದರೆ ಹಿತ್ತಾಳೆಯ ದೊಡ್ಡ ಸವುಟನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿಕೊಂಡು ಐದು ಜನ ಹಿರಿಯರು ಮನೆಗೆ ಬಂದು, ಹಾಲು ಕುಡಿದು, ಅದನ್ನು ಕೈಗಿಡುವುದು. ಸವುಟು ಹಿಡಿದವನ ಅಪ್ಪಣೆ ಇಲ್ಲದೆ ಮಠದಲ್ಲಿ ಕೊಪ್ಪರಿಗೆ ಇಳಿಯುವುದಿಲ್ಲ. ಅದು ಬದುಕಿರುವವರೆಗಿನ ಗೌರವ. ಸಂಜೆ ಐದಕ್ಕೆ ಮಠದ ಹಿರಿಯರಲ್ಲಿ ಮುಖ್ಯರಾದ ಅಡಿವೆಯ್ಯನವರು ಉಳಿದ ನಾಲ್ವರನ್ನು ಕರೆದುಕೊಂಡು ಬರುವವರಿದ್ದರು. ಮಗಳ ಮದುವೆಯ ದಿನವೂ ಈರಬಸಪ್ಪ ಅಷ್ಟು ಬೇಗ ಸ್ನಾನ ಮಾಡಿರಲಿಲ್ಲ.

ಹತ್ತು ಗಂಟೆಗೆ ಹೊಸ ಬಿಳಿ ಅಂಗಿ ತರಲು ಅವನು ಬನಿಯನ್ನಿನ ಮೇಲೊಂದು ಟವೆಲ್ ಹಾಕಿಕೊಂಡು ರಸೂಲಸಾಬನ ಅಂಗಡಿಗೆ ಹೋದ. ಇಬ್ಬರೂ ಶಾಲೆಯಿಂದ ಗೆಳೆಯರು, ಮನೆಗಳೂ ಅಕ್ಕಪಕ್ಕ. ದುರದೈವಕ್ಕೆ ರಸೂಲಸಾಬನ ಅಂಗಡಿಗೂ ಈರೇಶನ ವೈನ್ ಶಾಪಿಗೂ ಒಂದೇ ಗೋಡೆ. ಕೊನೆಯ ಗುಂಡಿ ಹಚ್ಚಿಸಿಕೊಂಡು ಅಂಗಿಯನ್ನು ಮೈಮೇಲೆ ಹಾಕಿ ಕನ್ನಡಿ ನೋಡಿಕೊಳ್ಳುವಾಗ ಈರೇಶ ಒಳಗೆ ಬಂದ. ಬಂದವನೇ ಕೆಂಪು ಬಾಟ್ಲಿಯೊಂದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ.

"ಮಾಮಾ, ಕುಡೀಬ್ಯಾಡ್ರಿ. ಒಂದ ಸಲ ಮೂಸಿ ನೋಡ್ರಿ, ಸಾಕು."

ರಸೂಲಸಾಬ ಅಳತೆ ಪಟ್ಟಿಯ ಕೋಲಿನಿಂದ ಬಾಟ್ಲಿಯನ್ನು ಮೇಜಿನ ಅಂಚಿಗೆ ನೂಕಿದ. "ಲೇ ಈರೇಶ, ನಿನ್ನ ಮಾಲು ನಿನ್ನ ಗ್ವಾಡಿ ಆಕಡೆ ಇರಲಿ. ನಾಳೆ ಯಾರರ ಅಂಗಿ ಬಿಗಿ ಆತಂದ್ರ, ಟೇಲರ್ ಕುಡದು ಹೊಲದಾನ ಅಂತಾರ."

ಈರಬಸಪ್ಪ ಒಪ್ಪಲಿಲ್ಲ. ವರ್ಷದ ಬೇರೆ ಯಾವ ದಿನ ಕೇಳಿದ್ದರೂ ಒಪ್ಪುತ್ತಿರಲಿಲ್ಲ, ಈ ದಿನವಂತೂ ಮೊದಲೇ ಇಲ್ಲ ಎಂದ. ಈರೇಶ ಬಾಕ್ಸುಗಳ ಸಂಕಟ ಹೇಳಿಕೊಂಡ. ಮೂಸುವುದು ಕುಡಿದಂತೆ ಆಗುವುದಾದರೆ, ಬಸ್ ಸ್ಟ್ಯಾಂಡಿನಲ್ಲಿ ಕೂತವರೆಲ್ಲ ದಿನಾ ಪುಕ್ಕಟೆ ಕುಡಿಯುತ್ತಿದ್ದಾರೆ ಎಂದ. ಈರಬಸಪ್ಪ ಕನ್ನಡಿಯ ಕಡೆ ತಿರುಗಿ ನಿಂತ.

ಆಗ ಬಂದವಳು ನೀಲಾ. ಭುಜಕ್ಕೆ ಚೀಲ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾರ್ಡು. ಮರ್ಯಾದೆಯ ಹುಡುಗಿ, ಒಳಗೆ ಬರುವ ಮುಂಚೆ ಚಪ್ಪಲಿ ಬಿಟ್ಟಳು. ಕಾಕಾ ಯಾಕೆ ಬೇಸರ ಮಾಡಿಕೊಂಡಿದ್ದಾರೆಂದು ಕೇಳಿ ತಿಳಿದು, ಬಾಟ್ಲಿಯ ಮೇಲಿನ ಚಿತ್ರ ತೋರಿಸಿದಳು.

"ಕಾಕಾರ, ಇಂಥಾ ಬಿಯರ್ ಮಾಡೂ ಪದ್ಧತಿ ಬೆಳಸಿದವರು ಆ ದೇಶದ ಮಠದ ಸ್ವಾಮಿಗಳರಿ."

ಈರಬಸಪ್ಪ ಕನ್ನಡಿ ಬಿಟ್ಟು ತಿರುಗಿದ. "ಮಠದಾಗ?"

"ಹೌದ್ರಿ. ಮಠದ ಒಳಗ, ದೊಡ್ಡ ದೊಡ್ಡ ಕೊಪ್ಪರಿಗ್ಯಾಗ ಕುದಸ್ತಾರ. ಬಂದವರಿಗೂ ಕೊಡ್ತಾರಂತ."

"ದಾಸೋಹಕ್ಕ?"

ನೀಲಾ ಸುಳ್ಳು ಹೇಳುವವಳಲ್ಲ. ಸ್ವಲ್ಪ ಯೋಚಿಸಿ, "ಹಂಗ ಅನ್ನಬಹುದೇನೋರಿ. ಇದಂತೂ ಫ್ಯಾಕ್ಟರಿದು, ಪದ್ಧತಿ ಅಷ್ಟ ಅವರದು" ಎಂದಳು.

ಈರಬಸಪ್ಪ ಫ್ಯಾಕ್ಟರಿಯ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ಲೇಬಲ್ಲಿನ ಸನ್ಯಾಸಿಯನ್ನೇ ನೋಡುತ್ತಿದ್ದ. ಆ ಹೊಟ್ಟೆ, ಆ ನಗು ಎರಡೂ ನಮ್ಮ ಮಠದ ಹಳೆಯ ಬಾಣಸಿಗನವೇ ಆಗಿದ್ದವು. ಎಲ್ಲೋ ಸಮುದ್ರದಾಚೆ ಒಂದು ಮಠ, ಅಲ್ಲೊಂದು ಕೊಪ್ಪರಿಗೆ, ಅದರ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತ ಒಬ್ಬ ಅಡುಗೆಯವನು ಅವನ ಕಣ್ಣಿಗೆ ಕಟ್ಟಿರಬೇಕು. ಅವನ ಅಡುಗೆಗೆ ಇಲ್ಲಿ ನಮ್ಮೂರ ಮೋರಿಯ ಬಾಜುವಿಗೆ ನಿಂತು ಜನ ಜಂಗು ಹಿಡಿದಿದೆ ಎನ್ನುತ್ತಿದ್ದಾರೆ.

"ಮಠದ ಅಡಿಗಿಗೆ ಜಂಗ್ ಅಂದಾವ ಯಾವ?" ಎಂದ ಈರಬಸಪ್ಪ.

ಕರಾರುಗಳಾದವು. ವೈನ್ ಶಾಪಿನ ಮೆಟ್ಟಿಲು ಹತ್ತುವುದಿಲ್ಲ. ಬಾಟ್ಲಿ, ಲೋಟ ಎರಡನ್ನೂ ಕೈಯಲ್ಲಿ ಮುಟ್ಟುವುದಿಲ್ಲ. ಎರಡೂ ಅಂಗಡಿಗಳ ಮುಂದಿನ ಬೇವಿನ ಗಿಡದ ಕೆಳಗೆ ಒಂದು ಕಲ್ಲಿದೆ, ಲೋಟವನ್ನು ಅದರ ಮೇಲಿಡಬೇಕು. ತಾನು ಒಂದು ಮೊಳ ದೂರ ನಿಲ್ಲುವವನು. ಸಾಕ್ಷಿಗೆ ರಸೂಲಸಾಬ ಇರಬೇಕು. ರಸೂಲಸಾಬ ಗಾಳಿ ತನ್ನ ಕಡೆ ಬೀಸದ ಜಾಗ ನೋಡಿಕೊಂಡು ನಿಂತ. ಈರೇಶ ಬಾಟ್ಲಿ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ತಡವಾಗಿಯೇ, ತುಂಬಿದ ಲೋಟವನ್ನು ತಂದು ಕಲ್ಲಿನ ಮೇಲಿಟ್ಟ. ಬಿಸಿಲಿಗೆ ಅದು ಕೆಂಪಗೆ ಹೊಳೆಯಿತು. ಮೇಲೆ ಎರಡು ಬೆರಳು ನೊರೆ.

ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದವರಿಗೆ ಬರವಿಲ್ಲ. ಈರಬಸಪ್ಪ ಬಿಯರಿನ ಮುಂದೆ ನಿಂತಿದ್ದಾನೆಂಬ ಸುದ್ದಿಗೆ, ಹೊರಟ ಬಸ್ಸಿನಿಂದ ಇಬ್ಬರು ಇಳಿದೂ ಬಿಟ್ಟರು. ಗಡ್ಡ ಮಾಡಿಸಿಕೊಳ್ಳುತ್ತಿದ್ದವನೊಬ್ಬ ಅರ್ಧ ಮುಖದ ಸಾಬೂನಿನ ಜತೆ ಬಂದ. ನೀಲಾ ಕಾರ್ಡು ಓದಿದಳು. ಬಣ್ಣಕ್ಕಿಷ್ಟು, ನೊರೆಗಿಷ್ಟು, ವಾಸನೆಗಿಷ್ಟು, ರುಚಿಗಿಷ್ಟು, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕಿಷ್ಟು. ಪ್ರತಿಯೊಂದಕ್ಕೂ ಹತ್ತು ಅಂಕ. ಉಪ್ಪಿನ ಕಾಲಂ ಎಲ್ಲಿದೆ ಎಂದು ಈರಬಸಪ್ಪ ಕೇಳಿದ. ಇಲ್ಲ ಎಂದಳು. ಉಪ್ಪಿನ ಕಾಲಂ ಇಲ್ಲದ ಕಾರ್ಡನ್ನು ಮಾಡಿದವರ ಬಗ್ಗೆ ಅವನಿಗೆ ಅಲ್ಲೇ ಸ್ವಲ್ಪ ಅನುಮಾನ ಬಂತು.

ಆಮೇಲೆ ಅಂಗೈ ಎತ್ತಿದ. ಮೂರು ಸಲ ಗಾಳಿಯನ್ನು ತನ್ನ ಕಡೆ ಎಳೆದುಕೊಂಡು ಕಣ್ಣು ಮುಚ್ಚಿದ.

"ಕೆಟ್ಟಿಲ್ಲ" ಎಂದ. "ಸಣ್ಣ ಉರ್ಯಾಗ ಹುರದಾರ. ಬೆಲ್ಲದ ಪಾಕಾ ಒಂದೆಳಿ ದಾಟೇತಿ, ಆದರ ಹೊತ್ತಿಲ್ಲ. ಹವೀಜ ಐತಿ."

ಹವೀಜ ಅಂದರೆ ನಮ್ಮ ಕಡೆ ಕೊತ್ತಂಬರಿ ಬೀಜ. ನೀಲಾಳ ಮುಖ ಅರಳಿತು. ಈ ಬಿಯರಿಗೆ ಕೊತ್ತಂಬರಿ ಬೀಜ ಹಾಕುತ್ತಾರೆಂಬುದು ತನಗೂ ಟ್ರೇನಿಂಗಿನಲ್ಲಿ ಹೇಳಿಕೊಟ್ಟ ಮೇಲೆಯೇ ಗೊತ್ತಾದದ್ದು ಎಂದಳು. ವಾಸನೆಗೆ ಒಂಬತ್ತು ಹಾಕಿದಳು. ಈರಬಸಪ್ಪ ಅಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಾಗಿತ್ತು. ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಹವೀಜ ಎಂದದ್ದೇ ತಡ, ಹಿಂದೆ ನಿಂತವರಿಗೆ ಲೋಟವನ್ನು ಸರಿಯಾಗಿ ನೋಡಬೇಕೆನ್ನಿಸಿತು. ಕೊತ್ತಂಬರಿ ಬೀಜ ತೇಲುತ್ತಿರಬಹುದೆಂದು ತಿಳಿದರೋ ಏನೋ, ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಕೊನೆಯವನ ಹೆಜ್ಜೆ ಮೊದಲನೆಯವನ ಬೆನ್ನಿಗೆ ತಲುಪುವಾಗ ನೂಕಾಗಿತ್ತು. ಈರಬಸಪ್ಪ ಮುಗ್ಗರಿಸಿ ಎರಡೂ ಕೈ ಕಲ್ಲಿಗೆ ಊರಿದ. ಮೂಗು ನೆಟ್ಟಗೆ ಹೋಗಿ ಲೋಟದಲ್ಲಿ ಇಳಿಯಿತು. ನೊರೆ ಏರಿ ಸೀನು ಬಂತು. ಲೋಟ ಉರುಳಿ ಹೊಸ ಬಿಳಿ ಅಂಗಿಯ ಎದೆಯ ಮೇಲೆ ಸುರಿಯಿತು. ಅವನು ತಲೆ ಎತ್ತಿದಾಗ ಮೀಸೆಯ ತುಂಬ ನೊರೆ.

ಮುಂದಿನದನ್ನು ಅವನು ಬೇಕೆಂದು ಮಾಡಲಿಲ್ಲ. ನಾನು ಹತ್ತಿರವೇ ಇದ್ದೆ. ಹಗ್ಗ ಬಿಚ್ಚಿದ ಕರುವಿನ ಹಾಗೆ ನಾಲಿಗೆ ಹೊರಗೆ ಬಂತು, ಮೀಸೆಯ ಉದ್ದಕ್ಕೂ ಒಮ್ಮೆ ಓಡಿತು, ಒಳಗೆ ಹೋಯಿತು. ಕಣ್ಣು ಮುಚ್ಚಿದವು. ಮಠದ ಅಡುಗೆಮನೆಯಲ್ಲಿ ಮಾತ್ರ ಕೇಳಿಸುವ ಗಂಭೀರ ದನಿಯಲ್ಲಿ ಅವನು ಹೇಳಿದ:

"ಹವೀಜ ಒಂದ ಚಿಟಿಕಿ ಹೆಚ್ಚಾಗೇತಿ. ಆದರ ಮಾಡಿದವರ ಕೈ ಭಾಳ ಚಲೋ ಐತಿ."

ನೀಲಾ ರುಚಿಗೂ ಒಂಬತ್ತು ಬರೆದುಕೊಂಡಳು. ಒಂದು ಅಂಕ ಹವೀಜಕ್ಕೆ ಕಳೆದದ್ದು. ಹನ್ನೊಂದು ಜನ ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು.

ಮಧ್ಯಾಹ್ನದೊಳಗೆ ಇಪ್ಪತ್ತನಾಲ್ಕು ಬಾಕ್ಸೂ ಖಾಲಿ. ಜಂಗು ಎಂದಿದ್ದ ಟ್ರ್ಯಾಕ್ಟರಿನವನೇ ಎರಡು ಬಾಟ್ಲಿ ಒಯ್ದ. ಬೇವಿನ ಗಿಡದ ಕೆಳಗೆ ಕೂತು, ನಾಲಿಗೆಯ ಹಿಂಬದಿಯಲ್ಲಿ ಬೆಲ್ಲದ ಪಾಕ ನಿಲ್ಲುತ್ತದೆ, ಗಡಿಬಿಡಿ ಮಾಡಿ ನುಂಗುವವರಿಗೆ ಅದು ತಿಳಿಯುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳಿದ. ಜೀವಮಾನದಲ್ಲಿ ಬಾಟ್ಲಿಯನ್ನು ಮೂಸಿ ನೋಡದವರು ಕೂಡ ಅಂಗೈಯಿಂದ ಮೂರು ಸಲ ಗಾಳಿ ಎಳೆದುಕೊಂಡು ಕುಡಿದರು. ಹವೀಜ ಒಂದು ಚಿಟಿಕೆ ಹೆಚ್ಚು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಈರಬಸಪ್ಪ ಆ ಹೊತ್ತಿಗೆ ರಸೂಲಸಾಬನ ಅಂಗಡಿಯ ಹಿಂದಿನ ನಳದ ಕೆಳಗೆ ಬಗ್ಗಿದ್ದ. ಐದು ಸಲ ಬಾಯಿ ಮುಕ್ಕಳಿಸಿದ. ರಸೂಲಸಾಬ ಅಂಗಿಯ ಕಲೆಗೆ ಮೊದಲು ಸೀಮೆಸುಣ್ಣ ಹಚ್ಚಿದ, ಆಮೇಲೆ ಸಾಬೂನು ತಿಕ್ಕಿದ. ಅಂಗೈಯಷ್ಟಿದ್ದ ಕಲೆ ತಾಲೂಕಿನ ನಕ್ಷೆಯಷ್ಟಾಯಿತು.

"ರಸೂಲಸಾಬ, ನಾ ಕುಡದ್ನೇನು?"

"ಕುಡದಿಲ್ಲ. ನೆಕ್ಕಿದಿ."

"ಎರಡೂ ಒಂದ ಏನು?"

"ನನಗ ಕೇಳಬ್ಯಾಡ ಮಾರಾಯಾ. ನಮ್ಮಲ್ಲಿ ಎರಡೂ ಒಂದ."

ತೊಟ್ಟುಕೊಂಡು ಹೋಗಲು ರಸೂಲಸಾಬನ ಬಳಿ ಇದ್ದದ್ದು ಊರಿನ ಪೈಲವಾನನಿಗೆ ಹೊಲಿದ ನೀಲಿ ಅಂಗಿ ಒಂದೇ. ಅದನ್ನು ಹಾಕಿಕೊಂಡು, ಗಂಟೆಯೊಳಗಿನ ನಾಲಿಗೆಯ ಹಾಗೆ ಅತ್ತಿತ್ತ ಬಡಿದುಕೊಳ್ಳುತ್ತ ಈರಬಸಪ್ಪ ಹಿಂದಿನ ಓಣಿಯಿಂದ ಮನೆಯ ಕಡೆ ಹೊರಟ. ಹಿಂದಿನ ಓಣಿಯಲ್ಲಿ ಜನ ಇರುವುದಿಲ್ಲ ಎಂದು ಅವನ ಲೆಕ್ಕ. ಆದರೆ ಬಾಟ್ಲಿ ಕೊಂಡವರೆಲ್ಲ ಮನೆಯವರಿಗೆ ಕಾಣದ ಹಾಗೆ ಅದೇ ಓಣಿಯಲ್ಲಿ ಕೂತಿದ್ದರು. ಒಬ್ಬ ಇದಕ್ಕೆ ಮಿರ್ಚಿ ಹೊಂದುತ್ತದೆಯೋ ಗಿರ್ಮಿಟ್ಟೋ ಎಂದು ಕೇಳಿದ. ಇನ್ನೊಬ್ಬ ಕೂತಲ್ಲೇ ಸರಿದು ಜಾಗ ಮಾಡಿದ. ಎದುರಿಗೆ ಬಂದ ಮುದುಕಿಯೊಬ್ಬಳು ಅವನನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಷ್ಟರಲ್ಲಿ ದೇವಿಕೊಪ್ಪದಿಂದ ಬೀಗರ ಫೋನು. ವಿಡಿಯೋ ಕಲಘಟಗಿ ತಾಲೂಕನ್ನೂ ಮುಟ್ಟಿತ್ತು. ಮಗಳ ಮಾವ ಏನೆನ್ನುತ್ತಾರೋ ಎಂದು ಈರಬಸಪ್ಪ ಬೆವರಿದ. ಅವರು ದನಿ ಇಳಿಸಿ, ಆ ಮಾಲು ನಮ್ಮ ಕಡೆ ಸಿಗುತ್ತದೆಯೇ ಎಂದು ಕೇಳಿದರು.

ಪ್ರತಿಯೊಬ್ಬರಿಗೂ ಅವನದು ಒಂದೇ ಉತ್ತರ, ನಾ ಮೂಸಿ ನೋಡೇನಿ ಅಷ್ಟ. ಹತ್ತನೆಯ ಸಲ ಹೇಳುವಾಗ ಅದು ಅವನಿಗೇ ಸುಳ್ಳೆನಿಸತೊಡಗಿತು.

ಮನೆಯಲ್ಲಿ ಸುದ್ದಿ ಹೇಳುವ ಕಷ್ಟ ಅವನಿಗೆ ಬರಲಿಲ್ಲ. ರಸೂಲಸಾಬನ ಹೆಂಡತಿ ಮರಿಯಮಬಿ ಸುಶೀಲವ್ವನಿಗೆ ವಿಡಿಯೋವನ್ನು ಆಗಲೇ ನಾಲ್ಕು ಸಲ ತೋರಿಸಿದ್ದಳು. ನಾಲ್ಕನೆಯ ಸಲ ನಿಲ್ಲಿಸಿ, ದೊಡ್ಡದು ಮಾಡಿ, ನಾಲಿಗೆ ಹ್ಯಾಗೆ ತಾನಾಗಿಯೇ ಬಂತು ನೋಡು ಎಂದು ಅವನ ಪರವಾಗಿ ವಾದವನ್ನೂ ಮಾಡಿದ್ದಳು. ಸುಶೀಲವ್ವ ಕೂಗಾಡಲಿಲ್ಲ. ಗಂಡನಿಗೆ ಊಟ ಬಡಿಸಿದಳು. ಅವನು ಎರಡನೆಯ ತುತ್ತು ಎತ್ತುವಾಗ ಕೇಳಿದಳು.

"ಕೈ ಭಾಳ ಚಲೋ ಐತಿ ಅಂದ್ರಂತಲ್ಲ."

"ಅಂದೆ."

"ಮೂವತ್ತೆರಡ ವರ್ಷ ಆತ್ರಿ, ಈ ಕೈಲೆ ನಿಮಗ ಉಣ್ಣಾಕ ಹಾಕಾಕತ್ತು. ಒಂದ ದಿನಾ ಅಂದಿಲ್ಲ."

ಇಪ್ಪತ್ತು ವರ್ಷ ಕೊಪ್ಪರಿಗೆಗಳಲ್ಲಿ ಕೊರತೆ ಹುಡುಕಿದವನು, ಮನೆಯ ಅಡುಗೆಯಲ್ಲಿ ಕೊರತೆ ಹೇಳದಿರುವುದನ್ನೇ ಹೊಗಳಿಕೆ ಎಂದುಕೊಂಡಿದ್ದ. ಊಟ ಅರ್ಧಕ್ಕೇ ಬಿಟ್ಟು ಎರಡನೆಯ ಸಲ ಸ್ನಾನ ಮಾಡಿದ. ವಿಭೂತಿಯನ್ನು, ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ಹಾಗೆ, ಎಲ್ಲೂ ಸಂದಿ ಬಿಡದೆ ಹಚ್ಚಿಕೊಂಡ. ಹಳೆಯ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತ.

ಸರಿಯಾಗಿ ಐದಕ್ಕೆ ಹಿರಿಯರು ಬಂದರು. ಅವರ ಹಿಂದೆ ಅರ್ಧ ಓಣಿ ಬಂತು. ಚಾಪೆಯ ಮೇಲೆ ಕೂತು ಅಡಿವೆಯ್ಯನವರು ಬಿಳಿ ವಸ್ತ್ರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಸುಶೀಲವ್ವ ಹಾಲು ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ವಿಡಿಯೋ ನೋಡಿದ್ವಿ" ಎಂದರು ಅಡಿವೆಯ್ಯನವರು. "ನೀ ಸುಳ್ಳ ಹೇಳಾವಲ್ಲ ಈರಬಸಪ್ಪ. ಬಾಯಿಗೆ ಹೋತೋ ಇಲ್ಲೋ?"

"ಹೋತ್ರಿ ಅಯ್ಯಾರ. ಮೀಸಿ ಮ್ಯಾಲಿಂದಷ್ಟ."

ಅಡಿವೆಯ್ಯನವರು ಹಾಲಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಮೀಸೆ ಬಾಯಿಯ ಹೊರಗಿರುತ್ತದೆ, ಅದನ್ನು ಒಪ್ಪುತ್ತೇವೆ, ಆದರೆ ನಾಲಿಗೆ ಒಳಗಿನದು ಎಂದರು. ಸವುಟು ಹಿಡಿಯುವವನ ವಿಷಯದಲ್ಲಿ ಇಷ್ಟು ಅಷ್ಟು ಎಂಬ ಅಳತೆ ಇಲ್ಲ ಎಂದರು. ಅದನ್ನು ಹೇಳಲು ಅವರಿಗೂ ಸಂಕಟವಾಗಿತ್ತು. ಗಂಟನ್ನು ಬಗಲಿಗೆ ಸೇರಿಸಿ ಏಳಲು ನೆಲಕ್ಕೆ ಕೈ ಊರಿದರು. ಈರಬಸಪ್ಪ ತಲೆ ತಗ್ಗಿಸಿದ್ದ, ಮೂಗಿನ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅದು ಕಣ್ಣಿನಿಂದ ಬಂದದ್ದು.

ಆಗ ಜನರನ್ನು ಸರಿಸಿಕೊಂಡು ಈರೇಶ ಒಳಗೆ ಬಂದ.

"ಅಯ್ಯಾರ, ಕುಂದರ್ರಿ. ಮಾಮಾನ ಮುಂದ ನಾ ಇಟ್ಟಿದ್ದು ಬಿಯರ್ ಅಲ್ಲ."

ಅವನು ಹೇಳಿದ್ದು ಇಷ್ಟು. ಅವನಿಗೆ ನೆಗಡಿಯಾಗಿತ್ತು. ಅಕ್ಕ ಬೆಳಿಗ್ಗೆ ಫ್ಲಾಸ್ಕಿನಲ್ಲಿ, ಹವೀಜ ಹುರಿದು ಬೆಲ್ಲ ಹಾಕಿದ ಕಷಾಯ ಕಳಿಸಿದ್ದಳು. ಬಾಟ್ಲಿ ಹಿಡಿದು ಒಳಗೆ ಹೋದಾಗ ಅವನಿಗೆ ಹೆದರಿಕೆಯಾಯಿತು. ಇಂಥ ದಿನ ಮಾಮಾನ ಮುಂದೆ ಬಿಯರ್ ಇಟ್ಟದ್ದು ಅಕ್ಕನಿಗೆ ಗೊತ್ತಾದರೆ ತನ್ನನ್ನು ಮನೆಯ ಹೊಸ್ತಿಲು ತುಳಿಯಗೊಡುವುದಿಲ್ಲ. ಬಣ್ಣವೂ ಒಂದೇ ಇತ್ತು. ಆರಿದ ಕಷಾಯವನ್ನು ಲೋಟಕ್ಕೆ ಸುರಿದು, ಮೇಲೆ ಸೋಡಾ ಹೊಯ್ದ. ನೊರೆ ಬಂತು. ಅದನ್ನೇ ತಂದು ಕಲ್ಲಿನ ಮೇಲಿಟ್ಟ.

ಮನೆಯಲ್ಲಿ ಕೂತವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಈರಬಸಪ್ಪ ತಲೆ ಎತ್ತಿದ. ಹಿರಿಯರಲ್ಲೊಬ್ಬರು ಹಾಲಿನ ಲೋಟಕ್ಕೆ ಕೈ ಹಾಕಿದರು. ಅಡಿವೆಯ್ಯನವರು ನಗುತ್ತ ಮತ್ತೆ ಕೂತು, ವಸ್ತ್ರದ ಮೊದಲ ಗಂಟು ಬಿಚ್ಚಿದರು. ಎರಡನೆಯ ಗಂಟಿಗೆ ಕೈ ಹಚ್ಚಿದವರು ಅಲ್ಲೇ ನಿಂತರು.

"ಕಷಾಯ ಯಾರ ಮಾಡಿದ್ದು?"

"ಅಕ್ಕಾಂದ್ರಿ."

"ಅಲ್ಲೋ ಈರಬಸಪ್ಪ, ಮೂವತ್ತ ವರ್ಷ ನಿನ್ನ ಮನ್ಯಾಗ ಕುದ್ದ ಕಷಾಯ ನಿನ್ನ ಮೂಗಿಗೆ ಗುರ್ತ ಸಿಗಲಿಲ್ಲೇನು?"

ಎಲ್ಲರೂ ಮೂಗನ್ನೇ ನೋಡಿದರು. ಅಷ್ಟು ಜನ ಒಟ್ಟಿಗೆ ನೋಡಿದರೆ ಯಾವ ಮೂಗಾದರೂ ಕೆಂಪಗಾಗುತ್ತದೆ. ಈರಬಸಪ್ಪನಿಗೆ ತಾನು ಎಲ್ಲಿ ಸಿಕ್ಕಿಕೊಂಡೆನೆಂದು ತಿಳಿಯಿತು. ಲೋಟದಲ್ಲಿದ್ದದ್ದು ಬಿಯರು ಎಂದರೆ ಮೂಗು ಉಳಿಯುತ್ತದೆ, ಬಾಯಿ ಕೆಡುತ್ತದೆ. ಕಷಾಯ ಎಂದರೆ ಬಾಯಿ ಉಳಿಯುತ್ತದೆ, ಮೂಗು ಹೋಗುತ್ತದೆ. ಸವುಟು ಹಿಡಿಯಲು ಎರಡೂ ಬೇಕು. ಯಾವುದು ಎಂದು ಅಡಿವೆಯ್ಯನವರು ಮತ್ತೊಮ್ಮೆ ಕೇಳಿದರು. ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದು ಬೆನ್ನಿಗೆ ಬಿದ್ದ ನೂಕು ಒಂದೇ.

"ಅಯ್ಯಾರ, ನನಗ ತಿಳೀವಲ್ದು" ಎಂದ.

ಅಷ್ಟರಲ್ಲಿ ಈರೇಶನ ಫೋನು ಬಡಿದುಕೊಂಡಿತು. ನೀಲಾಳದು. ಅವನು ಅಂಗಳಕ್ಕೆ ಹೋದ. ಆದರೆ ಅವನು ಫೋನಿನಲ್ಲಿ ಮಾತಾಡುವುದು ಫೋನಿನ ಅಗತ್ಯವೇ ಇಲ್ಲದಷ್ಟು ಜೋರು. ಹುಬ್ಬಳ್ಳಿಗೆ ಕೇಳಿಸಿತೋ ಇಲ್ಲವೋ, ಮನೆಯೊಳಗೆ ಎಲ್ಲರಿಗೂ ಕೇಳಿಸಿತು. "ಹೌದ್ರಿ ಮೇಡಂ, ಅಗದಿ ಒರಿಜಿನಲ್ ಬಾಟ್ಲಿ. ನಾನ ಮುಚ್ಚಳ ತಗದು ಹಾಕೇನಿ. ಕಾರ್ಡಿನ್ಯಾಗಿನ ಮಾರ್ಕ್ಸ್ ಎಲ್ಲಾ ಖರೇ ಅದಾವ್ರಿ."

ಅವನು ಒಳಗೆ ಬಂದ. ಯಾವುದಪ್ಪಾ ಖರೆ ಎಂದು ಅಡಿವೆಯ್ಯನವರು ಕೇಳಿದರು.

"ಅದು ಕಂಪನಿಗೆ ಹೇಳಿದ್ದರಿ. ಇದು ಮನಿಗೆ ಹೇಳಿದ್ದು" ಎಂದ ಈರೇಶ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಶೀಲವ್ವ ಮಾತಾಡಿದಳು. ಹಿರಿಯರ ಮುಂದೆ ಅವಳು ಮಾತಾಡಿದ್ದನ್ನು ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ.

"ಅದು ನನ್ನ ಕಷಾಯರಿ. ಇವತ್ತ ಗಡಬಡ್ಯಾಗ ಹವೀಜ ಒಂದ ಚಿಟಿಕಿ ಹೆಚ್ಚ ಬಿದ್ದಿತ್ತು. ನನಗ ಗೊತ್ತಿತ್ತು."

ಅಡಿವೆಯ್ಯನವರು ಅವಳನ್ನು ನೋಡಿದರು, ಈರಬಸಪ್ಪನನ್ನು ನೋಡಿದರು, ಉಳಿದ ನಾಲ್ವರನ್ನು ನೋಡಿದರು. ನಾಲ್ವರೂ ಒಬ್ಬೊಬ್ಬರಾಗಿ ತಲೆ ಆಡಿಸಿದರು. ಯಾವುದಕ್ಕೆ ತಲೆ ಆಡಿಸುತ್ತಿದ್ದಾರೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

"ಹಂಗಾರ ಈ ಮೂಗು ಸುಳ್ಳ ಹೇಳಿಲ್ಲ" ಎಂದರು ಅಡಿವೆಯ್ಯನವರು. "ಗುರ್ತ ಹಿಡೀಲಿಲ್ಲ, ಅದು ಬ್ಯಾರೆ ಮಾತು. ಹವೀಜ ಹೆಚ್ಚಾಗೇತಿ ಅಂತು, ಹೌದು ಹೆಚ್ಚಾಗಿತ್ತು. ಮಾಡಿದವರ ಕೈ ಭಾಳ ಚಲೋ ಐತಿ ಅಂತ ಇಡೀ ಊರ ಮುಂದ ಅಂತು. ಇಷ್ಟ ವರ್ಷ ನಾವು ತಪ್ಪ ಹುಡುಕೂ ಮೂಗು ಹಿಡಕೊಂಡ ಅಡ್ಡಾಡಿದ್ವಿ. ತಪ್ಪಾಗಲಾರದಂಗ ಮಾಡೂ ಕೈ ಹುಡುಕಲೇ ಇಲ್ಲ."

ಎರಡನೆಯ ಗಂಟು ಬಿಚ್ಚಿದರು, ಮೂರನೆಯದನ್ನೂ ಬಿಚ್ಚಿದರು. ಎದ್ದು ಹೋಗಿ ಹಿತ್ತಾಳೆಯ ಸವುಟನ್ನು ಸುಶೀಲವ್ವನ ಕೈಯಲ್ಲಿಟ್ಟರು.

ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದ್ದ ಈರಬಸಪ್ಪ, ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೋಡಿಸಿ ನಮಸ್ಕಾರ ಮಾಡಿದ. ಮೊದಲು ಹಿರಿಯರಿಗೆ, ಆಮೇಲೆ ಸವುಟಿಗೆ. ಅದು ಹೆಂಡತಿಯ ಕೈಯಲ್ಲಿದ್ದುದರಿಂದ ಅವಳಿಗೂ ಆಯಿತು. ಮರಿಯಮಬಿ ಸೆರಗಿನ ಮರೆಯಲ್ಲಿ ನಕ್ಕಳು. ಹಾಲಿನ ಲೋಟಗಳು ಖಾಲಿಯಾದವು.

ಶ್ರಾವಣ ಸುರುವಾಯಿತು. ಮಠದ ಕೊಪ್ಪರಿಗೆಯ ಮುಂದೆ ಸುಶೀಲವ್ವ ನಿಲ್ಲುತ್ತಾಳೆ. ಅವಳು ಗಾಳಿ ಎಳೆದುಕೊಳ್ಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮುಷ್ಟಿಯಲ್ಲಿ ಉಪ್ಪು ಹಿಡಿದು ಹಾಕಿಬಿಡುತ್ತಾಳೆ, ಸರಿಯಾಗಿಯೇ ಇರುತ್ತದೆ. ಯಾರ್ಯಾರು ಯಾವ ಕೆಲಸಕ್ಕೆ ಎಂದು ಹಂಚುವ ಅಧಿಕಾರವೂ ಸವುಟಿನ ಜತೆಗೇ ಬಂದಿದೆ. ಈರಬಸಪ್ಪನಿಗೆ ಅಂಗಳದ ಆಚೆ ತುದಿಯಲ್ಲಿ ಬೇಳೆ ಹಸನು ಮಾಡುವ ಕೆಲಸ. ಗಾಳಿ ಅಡುಗೆಮನೆಯ ಕಡೆಯಿಂದ ಬೀಸಿದಾಗ ಒಮ್ಮೊಮ್ಮೆ ಕೈಯಲ್ಲಿನ ಮೊರ ಕೆಳಗಿಟ್ಟು ತಲೆ ಎತ್ತುತ್ತಾನೆ, ಏನೋ ಹೇಳಬೇಕೆನ್ನುವವನ ಹಾಗೆ. ಆಮೇಲೆ ಮತ್ತೆ ಬೇಳೆಯಲ್ಲಿನ ಹರಳು ಆರಿಸುತ್ತಾನೆ.

ಲೋಟದಲ್ಲಿ ಏನಿತ್ತು ಎಂದು ನಾನು ಎಲ್ಲರನ್ನೂ ಕೇಳಿದ್ದೇನೆ. ಸುಶೀಲವ್ವ ಕಷಾಯ ಎನ್ನುತ್ತಾಳೆ, ಕಣ್ಣು ಮಾತ್ರ ಬೇರೆ ಕಡೆ ಇರುತ್ತವೆ. ಸೋಡಾದ ನೊರೆ ಅಷ್ಟು ಹೊತ್ತು ನಿಲ್ಲುವುದಿಲ್ಲ ಎಂದು ರಸೂಲಸಾಬ ಹೇಳುತ್ತಾನೆ, ಆದರೆ ಅವನು ನಿಂತದ್ದು ದೂರ. ಈರೇಶ ಕೇಳಿದವರು ಯಾರೆಂದು ನೋಡಿಕೊಂಡು ಉತ್ತರ ಕೊಡುತ್ತಾನೆ. ಈರಬಸಪ್ಪನನ್ನು ಕೇಳಿದರೆ, ಏನರ ಇರಲಿ, ಚಲೋ ಇತ್ತು ಎಂದಷ್ಟೇ ಹೇಳುತ್ತಾನೆ. ನಿಜ ಯಾವುದೋ ನನಗೆ ಗೊತ್ತಿಲ್ಲ.